ಪಿ0171 ಬಂದಾಗ ನಾನು ಸ್ಕ್ಯಾನರ್‌ನಲ್ಲಿ ನೋಡುವುದೇನು

ಚೆಕ್ ಎಂಜಿನ್ ಲೈಟ್ ಹತ್ತಿದೆ ಎಂದು ನನ್ನ ಹತ್ತಿರ ಬರುವ ಎಷ್ಟೋ ಗಾಡಿಗಳಿಗೆ ಅಷ್ಟರಲ್ಲಾಗಲೇ ಒಂದು ಹೊಸ ಸೆನ್ಸರ್ ಬಿದ್ದಿರುತ್ತದೆ. ಪಿ0171 ಕೋಡ್ ಬಂದರಂತೂ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೆ ಉಳಿಗಾಲವಿಲ್ಲ. ಎಂಜಿನ್ ಕಂಪ್ಯೂಟರ್‌ನಿಂದ ಸ್ಕ್ಯಾನರ್ ಓದುವ ಈ ಕೋಡ್ ಹೇಳುವುದು ಬ್ಯಾಂಕ್ 1ರಲ್ಲಿ, ಅಂದರೆ ಎಂಜಿನ್‌ನ ಒಂದನೇ ಸಿಲಿಂಡರ್ ಇರುವ ಬದಿಯಲ್ಲಿ, ಮಿಶ್ರಣ ಲೀನ್ ಆಗಿದೆ ಎಂದಷ್ಟೇ. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಅದನ್ನು ಪತ್ತೆ ಹಚ್ಚಿ ತಿಳಿಸಿದ ಸೆನ್ಸರನ್ನೇ ಕಿತ್ತುಹಾಕುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಈಚೆಗೆ ಬಂದ 1.8 ಲೀಟರ್ ಪೆಟ್ರೋಲ್ ಕಾರಿನ ಕಥೆಯೂ ಇದೇ. ಸೆನ್ಸರ್ ಹೊಸದು, ಲೈಟ್ ಮತ್ತೆ ಹತ್ತಿದೆ, ಐಡ್ಲಿಂಗ್‌ನಲ್ಲಿ ಸಣ್ಣ ನಡುಕ. ಮೊದಲು ಫ್ರೀಜ್ ಫ್ರೇಮ್ ಬರೆದುಕೊಂಡೆ. ಕೋಡ್ ದಾಖಲಾದ ಹೊತ್ತಿಗೆ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬ ಲೆಕ್ಕ ಅದು. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ, ಆದ್ದರಿಂದ ಬರೆದುಕೊಳ್ಳುವವರೆಗೆ ಅಳಿಸುವ ಬಟನ್ ಹತ್ತಿರ ಬೆರಳು ಒಯ್ಯುವುದಿಲ್ಲ. ಇದರಲ್ಲಿ ವೇಗ ಸೊನ್ನೆ, 720 ಆರ್‌ಪಿಎಂ, ಕೂಲೆಂಟ್ 89 ಡಿಗ್ರಿ ಎಂದಿತ್ತು. ಗಾಡಿ ನಿಂತಿದ್ದಾಗ, ಎಂಜಿನ್ ಕಾದ ಮೇಲೆ ಬಂದ ದೋಷ ಎಂದಾಯಿತು.

ಆಮೇಲೆ ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದೆ ಎಂಬುದು ಇದು. ಶಾರ್ಟ್ ಟರ್ಮ್ ಕ್ಷಣಕ್ಷಣಕ್ಕೂ ಕುಣಿಯುತ್ತದೆ, ಲಾಂಗ್ ಟರ್ಮ್ ನಿಧಾನವಾಗಿ ಕಲಿತದ್ದು. ಎರಡನ್ನೂ ಕೂಡಿಸಿ ನೋಡಬೇಕು. ಹತ್ತರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ ಪ್ಲಸ್ 21, ಶಾರ್ಟ್ ಟರ್ಮ್ ಪ್ಲಸ್ 4. ರೇಸ್ ಮಾಡಿ 2500 ಆರ್‌ಪಿಎಂನಲ್ಲಿ ಹಿಡಿದೆ. ಎರಡೂ ಸೇರಿ ಆರಕ್ಕೆ ಇಳಿಯಿತು.

ಈ ಇಳಿತದಲ್ಲೇ ಉತ್ತರವಿದೆ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲೋ ಒಂದು ತೂತಿದೆ ಎಂದುಕೊಳ್ಳಿ. ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಐಡ್ಲಿಂಗ್‌ನಲ್ಲಿ ಗಾಳಿಯ ಬಾಗಿಲಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಜೋರಾಗಿ ಎಳೆಯುತ್ತದೆ. ಎಂಜಿನ್‌ಗೆ ಬೇಕಾದ ಗಾಳಿಯೇ ಸ್ವಲ್ಪ, ಅದರಲ್ಲಿ ತೂತಿನ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಲೆಕ್ಕಕ್ಕೆ ಸಿಗುವ ಗಾಳಿ ಹೆಚ್ಚಿ, ಕಳ್ಳಗಾಳಿಯ ಪಾಲು ಕುಗ್ಗುತ್ತದೆ. ಅದೇ ಲೋಡ್ ಏರಿದ ಹಾಗೆಲ್ಲ ಟ್ರಿಮ್ ಕೂಡ ಏರಿದ್ದರೆ ನಾನು ಫ್ಯೂಯಲ್ ಪಂಪ್, ಫಿಲ್ಟರ್ ಕಡೆ ಹೋಗುತ್ತಿದ್ದೆ, ಇಲ್ಲವೇ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದೆಯೇ ನೋಡುತ್ತಿದ್ದೆ. (ಏರ್‌ಫ್ಲೋ ಸೆನ್ಸರ್ ಇಲ್ಲದೆ ಬರೀ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವುದು) ಇರುವ ಎಂಜಿನ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಮ್ಯಾನಿಫೋಲ್ಡ್ ಒತ್ತಡ ಏರಿದ್ದು ಆ ಸೆನ್ಸರ್‌ಗೆ ಗೊತ್ತಾಗುವುದರಿಂದ ಅಲ್ಲಿ ಟ್ರಿಮ್ ಅಷ್ಟಾಗಿ ಏರದೆ ಐಡ್ಲಿಂಗ್ ಸ್ಪೀಡ್ ಏರುವುದೇ ಹೆಚ್ಚು.)

ತೂತು ಎಲ್ಲಿದೆ ಎಂದು ಸ್ಕ್ಯಾನರ್ ಬೊಟ್ಟು ಮಾಡಿ ತೋರಿಸುವುದಿಲ್ಲ. ಕೆಲವರು ಕ್ಲೀನರ್ ಸ್ಪ್ರೇ ಹೊಡೆದು ಹುಡುಕುತ್ತಾರೆ. ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಬೆಂಕಿ ಹತ್ತುವ ದ್ರವ ಚಿಮ್ಮಿಸುವ ಧೈರ್ಯ ನನಗಿಲ್ಲ. ಶಾರ್ಟ್ ಟರ್ಮ್ ಅಂಕಿಯ ಮೇಲೆ ಕಣ್ಣಿಟ್ಟು ರಬ್ಬರ್ ಪೈಪುಗಳನ್ನು ಒಂದೊಂದಾಗಿ ಅಮುಕುತ್ತಾ ಹೋದೆ. ಎಂಜಿನ್ ಒಳಗಿನ ಅನಿಲವನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪಿಸಿವಿ ಪೈಪು ಅಮುಕಿದ್ದೇ ತಡ, ಅಂಕಿ ಸರ್ರನೆ ಮೈನಸ್‌ಗೆ ಇಳಿಯಿತು. ಪೈಪಿನ ಬಾಗಿದ ಜಾಗದಲ್ಲಿ, ಮೇಲಿಂದ ಕಾಣದ ಅಡಿಭಾಗದಲ್ಲಿ, ಉದ್ದಕ್ಕೆ ಸೀಳು.

ಹೊಸ ಪೈಪು ಹಾಕಿದ ಮೇಲೆ ಶಾರ್ಟ್ ಟರ್ಮ್ ಸ್ವಲ್ಪ ಹೊತ್ತು ಮೈನಸ್‌ನಲ್ಲೇ ಇತ್ತು. ಇದನ್ನು ಕಂಡು ಗಾಬರಿಯಾಗುವವರಿದ್ದಾರೆ. ಲಾಂಗ್ ಟರ್ಮ್ ಇನ್ನೂ ಹಳೆಯ 21ನ್ನೇ ಹಿಡಿದು ಕೂತಿರುತ್ತದೆ, ಅದನ್ನು ಕಳೆಯಲು ಶಾರ್ಟ್ ಟರ್ಮ್ ಕೆಳಗೆ ಎಳೆಯುತ್ತಿರುತ್ತದೆ, ಅಷ್ಟೇ. ಓಡಿಸುತ್ತಾ ಹೋದಂತೆ ಎರಡೂ ಸೊನ್ನೆಯ ಹತ್ತಿರ ಬಂದವು. ಆಮೇಲೆಯೇ ಕೋಡ್ ಅಳಿಸಿ, ಇನ್ನೊಂದು ಸುತ್ತು ಓಡಿಸಿ, ಪೆಂಡಿಂಗ್ ಕೋಡ್, ಅಂದರೆ ಇನ್ನೂ ಖಚಿತವಾಗದ, ಲೈಟ್ ಹತ್ತಿಸದ ಕೋಡ್, ಇದೆಯೇ ಎಂದು ನೋಡಿದೆ.

ಇಷ್ಟಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಫ್ಯೂಯಲ್ ಟ್ರಿಮ್ ಒಬಿಡಿ 2 ಎಂಬ, ಗಾಡಿ ತನ್ನ ದೋಷ ತಾನೇ ತಿಳಿಸುವ ಸ್ಟ್ಯಾಂಡರ್ಡ್ ವ್ಯವಸ್ಥೆಯ ಭಾಗ. ಈ ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದಲೇ ಕಡ್ಡಾಯ. ಮೊಬೈಲ್‌ಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಕೂಡ ಇದನ್ನು ಓದುತ್ತದೆ. ಆದರೆ ಅದು ನಿಧಾನ. ಪರದೆ ತುಂಬ ಇಪ್ಪತ್ತು ಅಂಕಿ ಆರಿಸಿಕೊಂಡರೆ ಒಂದೊಂದೂ ತಡವಾಗಿ ಬದಲಾಗುತ್ತದೆ, ಪೈಪು ಅಮುಕಿದ ಪರಿಣಾಮ ಕೈ ತೆಗೆದ ಮೇಲೆ ಕಾಣಬಹುದು. ನಾನು ಆರ್‌ಪಿಎಂ, ಎರಡು ಟ್ರಿಮ್, ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ಇಷ್ಟೇ ಇಟ್ಟುಕೊಳ್ಳುತ್ತೇನೆ.