ಹಿಟ್ಟಿನೊಳಗೊಂದು ಶೇಂಗಾ ಬೀಜ

ಚಳ್ಳಕೆರೆ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ನರ್ಸ್. ಊರಿಗೆಲ್ಲ ಸಿಸ್ಟರಮ್ಮ. ಬಿಪಿ, ಶುಗರ್ ನೋಡುವುದು, ಲಸಿಕೆ ಹಾಕುವುದು, ಬಸುರಿ ಬಾಣಂತಿಯರ ಲೆಕ್ಕ ಇಡುವುದು, ಇದೆಲ್ಲ ಬೇಗ ಕೈಗೆ ಹತ್ತಿತು. ಸ್ತನ ಕ್ಯಾನ್ಸರ್ ಇದೆಯಾ ಅಂತ ಎದೆಗಂಟು ನೋಡುವ ಕೆಲಸ ಮಾತ್ರ ಹಾಗಲ್ಲ. ಅದನ್ನು ಸರಿಯಾಗಿ ಕಲಿಯಲು ಎರಡು ವರ್ಷ ಹಿಡಿಯಿತು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. 30 ದಾಟಿದವರಿಗೆಲ್ಲ ಸಿ-ಬ್ಯಾಕ್ ಅಂತ, ಯಾರಿಗೆ ಕಾಯಿಲೆಯ ಅಪಾಯ ಇದೆ ಅಂತ ತಿಳಿಯುವ ಒಂದು ಫಾರ್ಮ್ ತುಂಬಬೇಕು. ಬೀಡಿ ಸೇದ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ, ಹೀಗೆ. ಹೆಂಗಸರಿಗೆ ಅಂತಲೇ ಕೆಲವು ಪ್ರಶ್ನೆ ಇವೆ. ಸ್ತನದಲ್ಲಿ ಗಂಟು ಇದೆಯಾ, ತೊಟ್ಟಿನಿಂದ ರಕ್ತ ಬರುತ್ತದಾ, ಆಕಾರ ಬದಲಾಗಿದೆಯಾ. ಆಶಾ ಅಕ್ಕನೂ ನಾನೂ ಜಗಲಿ ಮೇಲೆ ಕೂತು ಕೇಳುತ್ತಿದ್ದೆವು. ಪಕ್ಕದಲ್ಲಿ ಅತ್ತೆ. ಎದುರಿಗೆ ಮೊಬೈಲ್ ಹಿಡಿದ ಮಗ. ಉತ್ತರ ಏನು ಬರುತ್ತೆ ಹೇಳಿ? ಇಲ್ಲ, ಇಲ್ಲ, ಇಲ್ಲ.

ಮಾತಿನದ್ದೂ ಒಂದು ತೊಡಕಿತ್ತು. ಸ್ತನ ಅನ್ನುವ ಪದ ನಮ್ಮ ಪೋಸ್ಟರ್ ಬಿಟ್ಟು ಬೇರೆಲ್ಲೂ ಇಲ್ಲ. ಎದೆಯಲ್ಲಿ ಏನಾದರೂ ತೊಂದರೆ ಇದೆಯಾ ಅಂದರೆ "ಗ್ಯಾಸ್ ಆಗ್ತೈತೆ" ಅನ್ನುತ್ತಿದ್ದರು. ಆಡುಮಾತಿನ ಪದ ಬಳಸಿದರೆ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಕೊನೆಗೆ "ಮಗೂಗೆ ಹಾಲು ಕುಡಿಸ್ತೀವಲ್ಲ, ಅಲ್ಲಿ" ಅಂತ ಕೇಳಲು ಶುರು ಮಾಡಿದೆ. ಅದು ಎಲ್ಲರಿಗೂ ಗೊತ್ತಾಯಿತು.

ಆ ಹೊತ್ತಿಗೆ ತಡವಾಗಿತ್ತು. 46 ವರ್ಷದ ಒಬ್ಬ ಅಕ್ಕ ಬಿಪಿ ಮಾತ್ರೆ ತಗೊಳ್ಳಲು ಬಂದವರು, ಹೊರಡುವಾಗ ಬಾಗಿಲ ಹತ್ತಿರ ನಿಂತು "ಇದೊಂದು ನೋಡ್ತೀರಾ" ಅಂದರು. ಬಲಗಡೆ ಚರ್ಮ ಒಳಗೆ ಜಗ್ಗಿಕೊಂಡಿತ್ತು, ಒಳಗಿನಿಂದ ಯಾರೋ ದಾರ ಎಳೆದ ಹಾಗೆ. ಯಾವಾಗಿನಿಂದ ಅಂತ ಕೇಳಿದೆ. "ಹೋದ ವರ್ಷ ಶೇಂಗಾ ಕೀಳೋವಾಗಿಂದ. ನೀವು ಬರ್ಕೊಳ್ಳಾಕ್ ಬಂದಾಗ್ಲೂ ಇತ್ತು. ನೋವಿರ್ಲಿಲ್ಲ ಅಲ್ವಾ, ಅದ್ಕೇ ಹೇಳ್ಲಿಲ್ಲ." ಅವರ ಫಾರ್ಮ್ ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ ಮೂರು ಸಲ ಇಲ್ಲ ಅಂತ ಬರೆದಿತ್ತು.

ಎಲ್ಲ ಕೆಟ್ಟಿದ್ದು ಆ "ನೋವಿಲ್ಲ" ಅನ್ನುವುದರಲ್ಲಿ. ಶುರುವಿನಲ್ಲಿ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನಮ್ಮವರಿಗೋ, ನೋವಿದ್ದರೆ ಮಾತ್ರ ಕಾಯಿಲೆ. ಜ್ವರ ಬಂದರೂ ಹೊಲಕ್ಕೆ ಹೋಗುವವರು ನೋಯದ ಗಂಟಿಗೆ ಬಸ್ ಹತ್ತುತ್ತಾರಾ?

ಕೇಳಿದರೆ ಸಾಲದು, ಮುಟ್ಟಿಯೇ ನೋಡಬೇಕು ಅಂತ ಆಗ ತೀರ್ಮಾನ ಮಾಡಿದೆ. ಮುಟ್ಟಲು ಬಿಡಬೇಕಲ್ಲ! ಮೊದಲು ಒಂದು ಕೋಣೆ ಖಾಲಿ ಮಾಡಿಸಿ, ಕಿಟಕಿಗೆ ಹಳೇ ಸೀರೆ ಕಟ್ಟಿ, ಬಾಗಿಲಿಗೆ ಚಿಲಕ ಹಾಕಿಸಿದೆ. ಗುರುವಾರ ಲಸಿಕೆ ಗಲಾಟೆ. ಅದಕ್ಕೆ ಮಂಗಳವಾರ ಮಧ್ಯಾಹ್ನ, ಮನೆಗಳಲ್ಲಿ ಊಟ ಮುಗಿದ ಮೇಲಿನ ಹೊತ್ತು ಗೊತ್ತು ಮಾಡಿದೆ.

ಆಮೇಲೆ ಹಿಟ್ಟು. ತರಬೇತಿಯಲ್ಲಿ ರಬ್ಬರಿನಂಥ ಮಾದರಿ ತೋರಿಸಿದ್ದರು. ನಮ್ಮ ಉಪಕೇಂದ್ರಕ್ಕೆ ಅದೆಲ್ಲಿ ಬರಬೇಕು? ಗೋಧಿ ಹಿಟ್ಟು ಚಪಾತಿಗಿಂತ ಮೆತ್ತಗೆ ಕಲಸಿದೆ. ಒಳಗೆ ಒಂದು ಕಡೆ ಶೇಂಗಾ ಬೀಜ, ಇನ್ನೊಂದು ಕಡೆ ಕಡಲೆ ಕಾಳು ಹುದುಗಿಸಿ, ಮೇಲೆ ಕಾಟನ್ ಬಟ್ಟೆ ಹೊದಿಸಿದೆ. ಹುಡುಕಿ ನೋಡೋಣ ಅಂದೆ. ಹೆಚ್ಚಿನವರು ಚಿವುಟಿ ನೋಡಿದರು. ಚಿವುಟಿದರೆ ಎಲ್ಲಾ ಕಡೆಯೂ ಗಂಟೇ. ಇನ್ನು ಕೆಲವರು ಬೆರಳ ತುದಿಯಿಂದ ಚುಚ್ಚಿದರು. ಮೂರು ಬೆರಳಿನ ಮೆತ್ತನೆ ಭಾಗ ಚಪ್ಪಟೆಯಾಗಿಟ್ಟು, ಒಂದು ರೂಪಾಯಿ ನಾಣ್ಯದಷ್ಟು ಸುತ್ತು ತಿರುಗಿಸಬೇಕು ಅಂತ ತೋರಿಸಿದೆ. ಮೊದಲು ಸಿಕ್ಕಿದ್ದು ಒಬ್ಬ ಅಜ್ಜಿಗೆ. "ಇಲ್ಲೈತೆ ನೋಡ್ರೇ ಕಳ್ಳ!" ಅಂತ ಕೂಗಿದರು. ಆ ನಗು ಮುಗಿಯುವುದರೊಳಗೆ ನಾಲ್ಕು ಜನ ಒಳಗೆ ಬರಲು ಒಪ್ಪಿದ್ದರು.

ನಾನು ನೋಡುವ ಕ್ರಮ ಹೀಗೆ. ಮೊದಲು ಕೂರಿಸಿ ಬರೀ ಕಣ್ಣಿಂದ ನೋಡುತ್ತೇನೆ. ಕೈ ಕೆಳಗೆ, ಕೈ ಸೊಂಟದ ಮೇಲೆ, ಕೈ ಮೇಲೆ. ಚರ್ಮ ಎಲ್ಲಾದರೂ ಜಗ್ಗುತ್ತದಾ, ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಬಿದ್ದಿದೆಯಾ, ತೊಟ್ಟು ಹೊಸದಾಗಿ ಒಳಗೆ ಹೋಗಿದೆಯಾ. ಆಮೇಲೆ ಮಲಗಿಸಿ, ಭುಜದ ಕೆಳಗೆ ಮಡಚಿದ ಟವೆಲ್ ಇಟ್ಟು, ಕೈ ತಲೆ ಕೆಳಗೆ ಇಡಿಸುತ್ತೇನೆ. ಕಂಕುಳಿಂದ ಎದೆ ಮೂಳೆವರೆಗೆ ಮೇಲೆ ಕೆಳಗೆ ಸಾಲು ಸಾಲಾಗಿ, ಹೊಲ ಉತ್ತ ಹಾಗೆ. ಸಾಲು ಬಿಡುವಂತಿಲ್ಲ. ಒಂದೊಂದು ಜಾಗಕ್ಕೂ ಮೂರು ಸಲ: ಹಗುರವಾಗಿ, ಸ್ವಲ್ಪ ಒತ್ತಿ, ಪಕ್ಕೆಲುಬು ತಗಲುವಷ್ಟು ಒತ್ತಿ. ಕಂಕುಳ ಕಡೆಯ ಮೇಲ್ಭಾಗಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ಕ್ಯಾನ್ಸರ್ ಗಂಟು ಹೆಚ್ಚಾಗಿ ಅಲ್ಲೇ. ಕೊನೆಗೆ ಕಂಕುಳು, ಕೊರಳ ಮೂಳೆಯ ಮೇಲುಗಡೆ. ಮುಟ್ಟು ನಿಲ್ಲದವರಿಗೆ ಮುಟ್ಟಾದ ಏಳೆಂಟು ದಿನಕ್ಕೆ ಬನ್ನಿ ಅನ್ನುತ್ತೇನೆ. ಅದಕ್ಕೆ ಮುಂಚೆ ಬಿಗಿ ಇರುತ್ತೆ, ಕೈಗೆ ಗೊಂದಲ.

ನಮ್ಮ ಕಡೆಯವರೇ ಒಬ್ಬರು, ಓದಿದವರು, "ಮ್ಯಾಮೋಗ್ರಾಂ ಇಲ್ಲದೆ ಸುಮ್ನೆ ಕೈಯಲ್ಲಿ ಮುಟ್ಟಿದ್ರೆ ಏನು ಗೊತ್ತಾಗುತ್ತೆ" ಅಂದರು. ಮ್ಯಾಮೋಗ್ರಾಂ ಅಂದರೆ ಸ್ತನದ ಎಕ್ಸ್-ರೇ. ಸಿಟ್ಟು ಬಂತು, ಆದರೆ ಕೇಳಬೇಕಾದ ಪ್ರಶ್ನೆಯೇ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ, ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿದ್ದಾರೆ. ಸುಮಾರು ಅರ್ಧ ಜನರಿಗೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ, ಒಟ್ಟು ನಾಲ್ಕು ಸುತ್ತು. ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ನಮ್ಮಂಥ ಹೆಂಗಸರು. ಫಲಿತಾಂಶ 2021ರಲ್ಲಿ ಬಂತು. ಪರೀಕ್ಷೆ ಆದವರಲ್ಲಿ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಈ ಕ್ಯಾನ್ಸರ್‌ನ ಸಾವು ಹತ್ತಿರ ಹತ್ತಿರ ಶೇಕಡಾ 30 ಕಡಿಮೆ ಆಗಿತ್ತು. 50ರ ಒಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ, ಅದನ್ನೂ ಹೇಳಬೇಕು. ಸರ್ಕಾರದ ಲೆಕ್ಕದಲ್ಲಿ ಈ ಪರೀಕ್ಷೆ ಐದು ವರ್ಷಕ್ಕೊಮ್ಮೆ. 50 ದಾಟಿದವರನ್ನು ನಾನು ಅಷ್ಟು ದಿನ ಕಾಯಿಸುವುದಿಲ್ಲ.

ಗಂಟು ಸಿಕ್ಕರೆ ಅದು ಇಂಥದ್ದು ಅಂತ ನಾನು ಹೇಳುವುದಿಲ್ಲ. ಹತ್ತು ಗಂಟಿನಲ್ಲಿ ಎಂಟೊಂಬತ್ತು ಕ್ಯಾನ್ಸರ್ ಅಲ್ಲ ಅಂತ ಮಾತ್ರ ಹೇಳುತ್ತೇನೆ. ವಯಸ್ಸಿನ ಹುಡುಗಿಯರಲ್ಲಿ ಗೋಲಿಯ ಹಾಗೆ ಜಾರುವ ಗಂಟು ಸಿಗುತ್ತೆ, ಅದು ಸಾಮಾನ್ಯವಾಗಿ ಅಪಾಯದ್ದಲ್ಲ. ಆದರೂ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ. ಸ್ಕ್ಯಾನ್ ಅಥವಾ ಮ್ಯಾಮೋಗ್ರಾಂ ಆಗಬೇಕು, ಅನುಮಾನ ಬಂದರೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕು.

ಕಳಿಸುವುದೇ ದೊಡ್ಡ ಪಾಡು. 52 ವರ್ಷದ ಒಬ್ಬರಿಗೆ ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದು ಸಿಕ್ಕಿತು. ಚೀಟಿ ಬರೆದು ಕಳಿಸಿದೆ. ಮೊದಲ ಸಲ ಹೋದಾಗ ಮೆಷಿನ್ ಕೆಟ್ಟಿದೆ ಅಂತ ವಾಪಸ್ ಕಳಿಸಿದರು. ಎರಡನೇ ಸಲ ಡಾಕ್ಟರ್ ರಜೆ. ಕೂಲಿ ಹೋಯಿತು, ಬಸ್ ಚಾರ್ಜ್ ಹೋಯಿತು. ಮೂರನೇ ಸಲ ಅವರು ಹೋಗಲೇ ಇಲ್ಲ. ಆಶಾ ಅಕ್ಕ ಬಂದು ಹೇಳದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ನಾನೇ ರಜೆ ಹಾಕಿ ಜೊತೆಗೆ ಹೋದೆ. ಸೂಜಿ ಚುಚ್ಚಿದರೆ ಮೈಯೆಲ್ಲ ಹರಡುತ್ತೆ ಅಂತ ಅವರ ಯಜಮಾನರಿಗೆ ಯಾರೋ ಹೇಳಿದ್ದರು. ಹಾಗೇನೂ ಹರಡುವುದಿಲ್ಲ ಅಂತ ಬಸ್ಸಿನಲ್ಲಿ ಇಡೀ ದಾರಿ ಹೇಳಿದೆ. ರಿಪೋರ್ಟು ಕ್ಯಾನ್ಸರ್ ಅಂತಲೇ ಬಂತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಂಟು ಚಿಕ್ಕದಿದ್ದದ್ದರಿಂದ ಗಂಟನ್ನಷ್ಟೇ ತೆಗೆದು ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು. ಆ 46ರ ಅಕ್ಕನಿಗೆ ಹಾಗಾಗಲಿಲ್ಲ. ಮೊದಲು ಕೀಮೋ, ಆಮೇಲೆ ಪೂರ್ತಿ ತೆಗೆದರು, ಆಮೇಲೆ ಕರೆಂಟ್. ಈಗ ಮಾತ್ರೆಯಲ್ಲಿದ್ದಾರೆ. ನನ್ನನ್ನು ಕಂಡರೆ ನಗುತ್ತಾರೆ. ನನಗೇ ಮುಖ ಕೊಟ್ಟು ಮಾತಾಡಲು ಸ್ವಲ್ಪ ಹೊತ್ತು ಬೇಕಾಗುತ್ತೆ.

ಅವತ್ತಿನಿಂದ ಚೀಟಿ ಬರೆದವರ ಹೆಸರೆಲ್ಲ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿದೆ. ಯಾವತ್ತು ಹೋದರು, ಏನಂದರು, ಮುಂದಿನ ತಾರೀಖು ಯಾವುದು. ಮೊಬೈಲ್ ಆ್ಯಪ್‌ನಲ್ಲೂ ಹಾಕುತ್ತೇನೆ, ಆದರೆ ನಂಬುವುದು ನೋಟ್‌ಬುಕ್ಕನ್ನೇ.

ಹೋದ ಮಂಗಳವಾರ ಏಳು ಜನ ಬಂದಿದ್ದರು. ಐದು ಜನ ಒಳಗೆ ಬಂದರು. ಇಬ್ಬರು ಹಿಟ್ಟಿನಲ್ಲಿ ಬೀಜ ಹುಡುಕಿ, ನಕ್ಕು, "ಮುಂದಿನ ವಾರ ಬರ್ತೀವಿ ಸಿಸ್ಟರಮ್ಮ" ಅಂತ ಹೊರಟುಬಿಟ್ಟರು. ಅವರಿಬ್ಬರ ಹೆಸರೂ ಬರೆದುಕೊಂಡಿದ್ದೇನೆ. ಶೇಂಗಾ ಬಿತ್ತನೆ ಶುರುವಾದರೆ ಯಾರೂ ಸಿಗುವುದಿಲ್ಲ, ಅದಕ್ಕೆ ಮುಂಚೆ ಅವರ ಮನೆಗೆ ಹೋಗಿ ಬರಬೇಕು.