ಹಳೆ ಒಂದು ಮೀಟರ್ ಹಾಯಿದೋಣಿ ಮತ್ತ ನೀರಿಗಿಳಿಸಿದ್ದು – ನನ್ನ ಅನುಭವ

ರಿಮೋಟಿಲೆ ಓಡಸೋ ಸಣ್ಣ ಮಾಡೆಲ್ ಹಾಯಿದೋಣಿ ಹಳೇದು ಕೈಗೆ ಸಿಕ್ಕ ಕೂಡ್ಲೆ ಎಲ್ಲಾರಿಗೂ ಮೊದಲ ಪೇಂಟ್ ಡಬ್ಬಿ ನೆನಪಾಗತೈತಿ. ನಾನಂತೂ ಮೊದಲ ತಕ್ಕಡಿ ತಗೀರಿ ಅಂತೀನಿ. ಯಾಕಂದ್ರ ಮೋಟರ್ ಇರೋ ಬೋಟಿಗೆ ನೂರು ಗ್ರಾಂ ಹೆಚ್ಚಾದ್ರ ಬ್ಯಾಟರಿ ಸ್ವಲ್ಪ ಜಲ್ದಿ ಖಾಲಿ ಆಗಬಹುದು ಅಷ್ಟ, ಹಾಯಿದೋಣಿಗೆ ಹಂಗಲ್ಲ, ಇದನ್ನ ದೂಡೋದು ಬರೇ ಗಾಳಿ, ದಂಡಿ ಮ್ಯಾಲೆ ನಿಂತು ರಿಮೋಟಿನಿಂದ ನಾವು ಮಾಡೋದು ಎರಡ ಕೆಲಸ, ಚುಕ್ಕಾಣಿ ತಿರುಗಸೋದು ಮತ್ತ ಹಾಯಿ ದಾರ ಎಳಿಯೋದು ಬಿಡೋದು. ಹಿಂಗಾಗಿ ತೂಕ ಎಷ್ಟೈತಿ, ಅದಕ್ಕಿಂತ ಹೆಚ್ಚಾಗಿ ಎಲ್ಲಿ ಐತಿ, ಅದರ ಮ್ಯಾಲೆ ದೋಣಿ ಹಣೆಬರಹ ನಿಂತಿರತೈತಿ. ರಿಪೇರಿ ಅಂದ್ರ ನನ್ನ ಪ್ರಕಾರ ಎರಡ ಮಾತು: ಬ್ಯಾಡಾದ ಭಾರ ಹೊರಗ ಹಾಕೋದು, ನೀರು ಒಳಗ ಬರದಂಗ ನೋಡಕೊಳ್ಳೋದು.

ನನ್ನ ದೋಣಿ ಐಓಎಂ ಕ್ಲಾಸಿಂದು, ಅಂದ್ರ ಇಂಟರ್‌ನ್ಯಾಷನಲ್ ಒನ್ ಮೀಟರ್. ಪುಣೆದಾಗ ಪರಿಚಯದವರೊಬ್ಬರ ಅಟ್ಟದ ಮ್ಯಾಲೆ ವರ್ಷಗಟ್ಟಲೆ ಬಿದ್ದಿತ್ತು, ಅವರು ಮನಿ ಖಾಲಿ ಮಾಡೋ ಮುಂದ ನನಗ ಕೊಟ್ರು, ಬಸ್ಸಿನ್ಯಾಗ ಮಡಲ ಮ್ಯಾಲೆ ಇಟ್ಟಕೊಂಡು ಹುಬ್ಬಳ್ಳಿಗೆ ತಂದೆ. ಈ ಕ್ಲಾಸು ಶುರು ಆಗಿದ್ದು 1988ರಾಗ, ನಿಯಮ ಸರಳ ಅದಾವ: ಹಲ್ ಅಂದ್ರ ದೋಣಿ ಒಡಲು ಒಂದು ಮೀಟರ್‌ಕಿಂತ ಉದ್ದ ಇರಬಾರದು, ಒಟ್ಟು ತೂಕ 4000 ಗ್ರಾಂಗಿಂತ ಕಡಿಮಿ ಇರಬಾರದು, ನೀರಿನ ಕೆಳಗಿನ ಆಳ 420 ಮಿಮೀ ದಾಟಬಾರದು, ಫಿನ್ (ಒಡಲಿನ ಕೆಳಗ ನೀರಿನ್ಯಾಗ ಇಳಿದಿರೋ ತೆಳ್ಳನ ರೆಕ್ಕಿ) ಮತ್ತ ಅದರ ತುದಿಗಿರೋ ಸೀಸದ ಗುಂಡು, ಅಂದ್ರ ಬಲ್ಬ್, ಎರಡೂ ಸೇರಿ 2200ರಿಂದ 2500 ಗ್ರಾಂ ಒಳಗ ಇರಬೇಕು. ಅರ್ಧಕ್ಕಿಂತ ಹೆಚ್ಚು ತೂಕ ಕೆಳಗ ಸೀಸದಾಗ ಐತಿ ನೋಡ್ರಿ, ಅದಕ್ಕ ಎಂಥಾ ಗಾಳಿಗೆ ಮಲಗಿದ್ರೂ ಮತ್ತ ಎದ್ದು ನಿಲ್ಲತೈತಿ. ಒಡಲಿಗೆ ಕಾರ್ಬನ್ ಫೈಬರ್ ಹಾಕಂಗಿಲ್ಲ, ಗ್ಲಾಸ್ ಫೈಬರ್ ನಡೀತೈತಿ, ಮಾಸ್ಟ್ ಅಂದ್ರ ಹಾಯಿ ಕಟ್ಟೋ ಕಂಬ ಅಲ್ಯುಮಿನಿಯಂದು ಇಲ್ಲಾ ಕಟಗೀದು. ಇಲ್ಲಿ ರೇಸ್ ನಡಿಯಂಗಿಲ್ಲ, ನಿಯಮ ಯಾಕ ಪಾಲಸ್ತಿ ಅಂತ ಗೆಳ್ಯಾರು ಕೇಳತಾರ. ನನಗ ಅನಸೋದು, ಯಾರೋ ತಲಿ ಓಡಿಸಿ ಕಟ್ಟಿದ ದೋಣಿ ಇದು, ಅದನ್ನ ಅದರ ಲೆಕ್ಕದಾಗ ಉಳಸೋದ ಚೆಂದ.

ತಕ್ಕಡಿಗೆ ಹಾಕಿದ್ರ 4310 ಗ್ರಾಂ ಬಂತು. ಎಲ್ಲಿಂದ ಬಂತು ಈ 310 ಅಂತ ಹುಡಕೋದ ಒಂದು ಕೆಲಸ ಆತು. ಹಳೆ ಮಾಲೀಕರ ಕೈಯಾಗೋ ಅದಕ್ಕೂ ಮೊದಲೋ ಯಾರೋ ಗ್ಯಾರೇಜಿನ ಲಪ್ಪಂ ಮೆತ್ತಿ ಮ್ಯಾಲೆ ದಪ್ಪಗ ಪೇಂಟ್ ಹೊಡೆದಿದ್ರು, ಕಾರಿನ ಡೆಂಟ್ ತುಂಬೋ ಲಪ್ಪಂ ಕಾರಿಗೆ ಛಲೋ, ಒಂದು ಮಿಲಿಮೀಟರ್ ದಪ್ಪನೂ ಇಲ್ಲದ ಒಡಲಿಗೆ ಅದು ಭಾರನೂ ಹೌದು, ಒಡಲು ಸ್ವಲ್ಪ ಬಾಗಿದ್ರ ಬಿರಕೂ ಬಿಡತೈತಿ. ನೀರ್ ಪೇಪರ್ ಹಚ್ಚಿ ಹದಾ ನೋಡಕೋತ ಕೆರೆದೆ. ಥಿನ್ನರ್ ಸುರಿಬ್ಯಾಡ್ರಿ, ಫೈಬರ್ ಒಡಲಿನ ಮ್ಯಾಲಿನ ನುಣುಪು ಪದರ, ಅಂದ್ರ ಜೆಲ್‌ಕೋಟ್, ಮೆತ್ತಗಾಗಿ ಹಾಳಾಗತೈತಿ. ಇನ್ನ ನಿಮ್ಮ ದೋಣಿ ಎಬಿಎಸ್ ಪ್ಲಾಸ್ಟಿಕ್ಕಿಂದು ಇದ್ರ ಅಸಿಟೋನ್ ಹತ್ತರಕ್ಕೂ ತರಬ್ಯಾಡ್ರಿ, ಎಬಿಎಸ್ ಅದರಾಗ ಕರಗತೈತಿ. ಆದ್ರ ಬಿರಕು ತುಂಬಾಕ ಅದ ಗುಣಾನ ಉಪಯೋಗಾಗತೈತಿ, ಎಬಿಎಸ್ ಚೂರು ಅಸಿಟೋನಿನ್ಯಾಗ ನೆನೆಹಾಕಿ ಅಂಟಿನ ಹದಕ್ಕ ತಂದು ಒಳಗಿಂದ ಬಿರಕಿಗೆ ಹಚ್ಚಿದ್ರ ಎರಡೂ ಒಂದ ಆಗಿ ಬೆಸೀತಾವ.

ಆಮ್ಯಾಲೆ ಸೋರಿಕಿ. ಟಬ್ಬಿನ್ಯಾಗ ತೇಲಿಬಿಟ್ಟು ನೋಡಿದ್ರ ನೀರು ಬಂದದ್ದು ಗೊತ್ತಾಗತೈತಿ, ಎಲ್ಲಿಂದ ಅಂತ ಗೊತ್ತಾಗಂಗಿಲ್ಲ. ನಾನು ಡೆಕ್ (ಒಡಲಿನ ಮ್ಯಾಲಿನ ಮುಚ್ಚಿಗಿ) ಮ್ಯಾಲಿನ ಕಿಂಡಿ ಎಲ್ಲಾ ಟೇಪ್ ಹಚ್ಚಿ ಮುಚ್ಚಿ, ಹಿಂದಿನ ನೀರು ತಗಿಯೋ ತೂತಿಗೆ ಸಣ್ಣ ಪೈಪ್ ಸಿಗಿಸಿ ಮೆಲ್ಲಕ ಊದತೀನಿ, ಹೊರಗ ಸೋಪಿನ ನೀರು ಬ್ರಷ್‌ಲೆ ಹಚ್ಚಿದ್ರ ತೂತು ಇದ್ದಲ್ಲೆ ಗುಳ್ಳಿ ಏಳತಾವ. ಬಾಯಿಲೆನ ಊದ್ರಿ, ಸೈಕಲ್ ಪಂಪ್ ಹಚ್ಚಿದ್ರ ಡೆಕ್ಕಿನ ಜಾಯಿಂಟ್ ಬಿಚ್ಚಿ ಬರತೈತಿ. ನನ್ನ ದೋಣಿಯೊಳಗ ಗುಳ್ಳಿ ಎದ್ದಿದ್ದು ಚುಕ್ಕಾಣಿ ರಾಡ್ ಹೋಗೋ ನಳಿಗಿ ಬುಡದಾಗ, ಮಾಸ್ಟಿನ ತಂತಿ ಕಟ್ಟೋ ಕೊಂಡಿ ಹತ್ತರ, ಮತ್ತ ಎಲ್ಲಾಕಿಂತ ಜೋರು ಫಿನ್ ಬಾಕ್ಸಿನ್ಯಾಗ, ಅಂದ್ರ ಒಡಲಿನ್ಯಾಗ ಫಿನ್ ಸಿಗಿಸೋ ಗೂಡಿನ್ಯಾಗ.

ಫಿನ್ ಬಾಕ್ಸ್ ಬಗ್ಗೆ ಸ್ವಲ್ಪ ಹೆಚ್ಚ ಹೇಳತೀನಿ, ಯಾಕಂದ್ರ ಹಳೆ ದೋಣಿ ಸಾಯೋದು ಇಲ್ಲೆ. ಎರಡು ಕಿಲೋ ಮ್ಯಾಲೆ ಸೀಸ ಒಂದು ತೆಳ್ಳನ ಫಿನ್ನಿನ ತುದಿಗೆ, ಸುಮಾರು 40 ಸೆಂಟಿಮೀಟರ್ ಕೆಳಗ ಜೋತಾಡತಿರತೈತಿ. ದೋಣಿ ಪೂರಾ ಮಲಗಿದಾಗ ಆ ಭಾರ ಎಲ್ಲಾ ಅಡ್ಡ ತಿರುಚಾಕ ನಿಲ್ಲತೈತಿ, ಅದನ್ನ ತಡಕೊಳ್ಳೋದು ಕೈಬೆರಳಿನಷ್ಟ ಅಗಲ ಇರೋ ಒಂದು ಬಾಕ್ಸು. ಗಾಡ್ಯಾಗ ಫಿನ್ ಹಾಕೇ ಸಾಗಿಸಿದ್ರಂತೂ ರಸ್ತೆ ತೆಗ್ಗಿನ ಏಟು ಪ್ರತಿಯೊಂದೂ ಅಲ್ಲೇ ಬೀಳತೈತಿ, ಅದಕ್ಕ ಸಾಗಿಸೋ ಮುಂದ ಫಿನ್ ಬಿಚ್ಚೇ ಇಡ್ರಿ. ಬಿರಕಿನ ಸುತ್ತ 80 ನಂಬರ್ ಪೇಪರಿನಿಂದ ಒರಟು ಮಾಡಿ, ಧೂಳು ಒರಸಿ, ಲೇಯರ್ ಹಾಕೋ ನಿಧಾನದ ಇಪಾಕ್ಸಿ (ಎರಡು ಭಾಗ ಕಲಸಿದ್ರ ಗಟ್ಟಿಯಾಗೋ ಅಂಟು) ತಗೊಂಡೆ. ಐದು ನಿಮಿಷಕ್ಕ ಗಟ್ಟಿ ಆಗೋದು ಇಲ್ಲಿ ಬ್ಯಾಡ್ರಿ, ಬಿಸಲಿಗೆ ಮೆತ್ತಗಾಗತೈತಿ, ನೀರಿಗೂ ತಡಿಯಂಗಿಲ್ಲ. ಮೂಲಿಗೆ ಇಪಾಕ್ಸಿಯೊಳಗ ಮೈಕ್ರೋಬಲೂನ್ ಅನ್ನೋ ಹಗುರ ಟೊಳ್ಳು ಕಣದ ಪುಡಿ ಕಲಸಿ ಗುಂಡಗ ತುಂಬಿ, ಅದು ಹಸಿ ಇದ್ದಾಗನ ಗ್ಲಾಸ್ ಬಟ್ಟಿ ಪಟ್ಟಿ ಹಾಸಿದೆ, ಪಟ್ಟಿನ ಓರೆಯಾಗಿ ಕತ್ತರಸಬೇಕು, ಎಳಿ 45 ಡಿಗ್ರಿಗೆ ಬರೋ ಹಂಗ, ಅಂದ್ರ ಮೂಲ್ಯಾಗ ಮಡಚಿ ಕೂಡತೈತಿ ಮತ್ತ ತಿರುಚೋ ಬಲ ಎಲ್ಲಾ ಎಳಿಗೂ ಹಂಚತೈತಿ. ಕಾರ್ಬನ್ ಪಟ್ಟಿ ಹಾಕ್ರಿ ಅಂತ ಹೇಳಿದವರಿದ್ರು, ಕ್ಲಾಸಿನ ನಿಯಮಕ್ಕ ಅದು ಹೊರಗ, ಗ್ಲಾಸ್ ಸಾಕಾಗೇತಿ.

ಇಪಾಕ್ಸಿ ಅಳತಿ ಕಣ್ಣಂದಾಜಿಗೆ ಮಾಡಬ್ಯಾಡ್ರಿ. ಬಂಗಾರ ತೂಗೋ ಥರದ ಸಣ್ಣ ಡಿಜಿಟಲ್ ತಕ್ಕಡಿ ಕಡಿಮಿ ರೊಕ್ಕಕ್ಕ ಸಿಗತೈತಿ, ಡಬ್ಬಿ ಮ್ಯಾಲೆ ಬರೆದಿರೋ ಪ್ರಮಾಣಕ್ಕ ತೂಗೇ ಕಲಸ್ರಿ. ನಮ್ಮ ಕಡೆ ಬ್ಯಾಸಗ್ಯಾಗ ಕಪ್ಪಿನ್ಯಾಗ ಕಲಸಿ ಇಟ್ರ ಅದರ ಬಿಸಿ ಅಲ್ಲೇ ಕೂಡಿ ಹೊಗಿ ಬರೋಷ್ಟು ಕಾಯತೈತಿ, ಕಲಸಿದ ಕೂಡ್ಲೆ ಅಗಲ ತಾಟಿಗೆ ಹರವಿದ್ರ ಕೆಲಸಕ್ಕ ಹೆಚ್ಚು ಹೊತ್ತು ಸಿಗತೈತಿ. ಮಳಿಗಾಲದಾಗ ಇನ್ನೊಂದು ತಾಪತ್ರಯ, ಧಾರವಾಡದ ಜಿಟಿಜಿಟಿ ಮಳಿ ನಿಮಗ ಗೊತ್ತ ಐತಿ, ಆ ಥಂಡಿಗೆ ಗಟ್ಟಿಯಾದ ಇಪಾಕ್ಸಿ ಮ್ಯಾಲೆ ಜಿಡ್ಡಿನಂಥಾ ಪೊರೆ ಬರತೈತಿ, ಅದನ್ನ ಬರೇ ನೀರಿಲೆ ತೊಳೆದು ಒಣಗಿಸಿ ಪೇಪರ್ ಹೊಡೆದ ಮ್ಯಾಲೆನ ಮುಂದಿನ ಲೇಯರ್ ಹಾಕಬೇಕು, ತೊಳೀದ ಹಂಗ ಹಾಕಿದ್ರ ಹಿಡಿಯಂಗಿಲ್ಲ. ನಾನು ದೊಡ್ಡ ರಿಪೇರಿ ದೀಪಾವಳಿ ಮುಗಿದ ಮ್ಯಾಲೆ ಶಿವರಾತ್ರಿ ಒಳಗ ಮುಗಸತೀನಿ, ಆ ಹವಾ ಇಪಾಕ್ಸಿಗೆ ಭಾಳ ಛಲೋ.

ಫಿನ್ ನೇರ ಕೂಡಸೋದಕ್ಕ ಗೌಂಡಿಗಳ ಸಾಮಾನೇ ಸಾಕು. ದೋಣಿ ಬೋರಲ ಹಾಕಿ, ಎರಡೂ ಬದಿಯ ಡೆಕ್ಕಿನ ಅಂಚು ನೀರು ತುಂಬಿದ ಲೆವೆಲ್ ಪೈಪಿಗೆ ಸರಿ ಮಾಡಿ, ಮ್ಯಾಲಿಂದ ಓಳಂಬ ಬಿಟ್ಟು ಫಿನ್ನು ಚುಕ್ಕಾಣಿ ಎರಡೂ ಅದೇ ಗೆರಿಗೆ ಬರೋ ತನಕ ಪ್ಯಾಕಿಂಗ್ ಕೊಟ್ಟು ಆಮ್ಯಾಲೆ ಇಪಾಕ್ಸಿ ಗಟ್ಟಿ ಆಗಾಕ ಬಿಟ್ಟೆ. ಫಿನ್ ಒಂದೆರಡು ಡಿಗ್ರಿ ಸೊಟ್ಟ ಇದ್ರೂ ದೋಣಿ ಒಂದು ಬದಿಗೆ ಛಲೋ ಓಡತೈತಿ, ಇನ್ನೊಂದು ಬದಿಗೆ ಹೊಳ್ಳಿದ್ರ ಗಾಳಿ ಎದುರು ಏರೂದ ಇಲ್ಲ, ಮಂದಿ ಅದಕ್ಕ ಹಾಯಿನ ಬೈತಾರ.

ಎಲೆಕ್ಟ್ರಾನಿಕ್ಸ್ ಎಲ್ಲಾ ತಗದ ಹಾಕಿದೆ. ಹಳೆ 40 ಮೆಗಾಹರ್ಟ್ಸ್ ರೇಡಿಯೋ, ಬ್ಯಾಟರಿ ಸೋರಿ ವೈರ್ ಒಳಗಿನ ತನಕ ಕರ್ರಗಾಗಿತ್ತು, ಅಂಥಾ ವೈರಿಗೆ ಬೆಸಗಿ ಹಿಡಿಯಂಗಿಲ್ಲ, ಕತ್ತರಿಸಿ ಒಗೀರಿ. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟಿಗೆ ಬದಲಾಯಿಸಿದ್ರ ಒಂದ ಲಕ್ಷ್ಯ ಇಡ್ರಿ, ಆ ರೇಡಿಯೋ ಅಲಿ ನೀರಿನ್ಯಾಗ ದಾಟಂಗಿಲ್ಲ, ರಿಸೀವರ್ ಆಂಟೆನಾ ನೀರಿನ ಮಟ್ಟಕ್ಕಿಂತ ಮ್ಯಾಲೆ, ಡೆಕ್ಕಿನ ಕೆಳಗ ಹತ್ತಿಸಿ ಅಂಟಸಬೇಕು. ದಾರ ಎಳಿಯೋ ವಿಂಚ್ ಮೂಲದ್ದ ಇಟ್ಟಕೊಂಡೀನಿ, ಡ್ರಮ್ ಕೆಳಗ ದಾರ ಸುತ್ತಿ ಹಿಡಕೊಳ್ಳೋದು ಅದರ ರೋಗ, ಮೂಲ ಕಾರಣ ಸತ್ತ ಎಲಾಸ್ಟಿಕ್, ದಾರ ಸಡಲಾದಾಗ ಜಗ್ಗಿ ಹಿಡಿಯೋದು ಅದ. ಹೊಸ ಎಲಾಸ್ಟಿಕ್ ಹಾಕಿದ ಮ್ಯಾಲೆ ತಕರಾರಿಲ್ಲ. ಆ ಕಾಲದ ವಿಂಚು 6 ವೋಲ್ಟಿಗೆ ಮಾಡಿದ್ದು, ಎರಡು ಸೆಲ್ಲಿನ ಲೀಪೋ (ಲಿಥಿಯಂ ಬ್ಯಾಟರಿ) ತುಂಬಿದಾಗ 8.4 ವೋಲ್ಟ್ ಇರತೈತಿ, ನೇರ ಕೊಟ್ರ ಸುಟ್ಟಹೋಗತೈತಿ, ಐದು ಸೆಲ್ಲಿನ ನಿಕ್ಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಹಾಕೀನಿ. ಕೊಪ್ಪೀಕರ್ ರೋಡ್ ಕಡೆ ಅಡ್ಡಾಡಿದ್ರ ವೈರು, ಕನೆಕ್ಟರ್, ಹೀಟ್ ಶ್ರಿಂಕ್ ಎಲ್ಲಾ ಸಿಗತಾವ, ಗ್ಲಾಸ್ ಬಟ್ಟಿ ಇಪಾಕ್ಸಿ ಮಾತ್ರ ನಾನು ಹೊರಗಿಂದ ತರಸ್ತೀನಿ.

ಹಾಯಿ ಹಳದಿ ಆಗಿ ಮುಟ್ಟಿದ್ರ ಚಟ್ ಅಂತ ಹರೀತಿತ್ತು. ಇಂಜಿನಿಯರಿಂಗ್ ಡ್ರಾಯಿಂಗಿಗೆ ಉಪಯೋಗಸೋ ಪಾಲಿಸ್ಟರ್ ಡ್ರಾಫ್ಟಿಂಗ್ ಫಿಲ್ಮ್, 50 ಮೈಕ್ರಾನ್ ದಪ್ಪಂದು, ಅದರಾಗ ಹೊಸಾದು ಮಾಡಿದೆ. ಬೆಂಗೇರಿಯೊಳಗ ದೇಶದ ಧ್ವಜಕ್ಕ ಖಾದಿ ಹೊಲಿಯೋ ಊರು ನಮ್ದು, ಬಟ್ಟಿ ಹಾಯಿ ಯಾಕ ಬ್ಯಾಡ ಅಂತ ಮನಿಯವರು ಕೇಳಿದ್ರು, ಬಟ್ಟಿ ನೀರು ಕುಡದು ಭಾರ ಆಗತೈತಿ, ಅದೂ ಮಾಸ್ಟ್ ಮ್ಯಾಲೆ ಎತ್ತರದಾಗ, ಅಲ್ಲಿ ಹತ್ತು ಗ್ರಾಂ ಕೆಳಗಿನ ಸೀಸದ ಎಷ್ಟೋ ಕೆಲಸ ಕೆಡಸತೈತಿ. ಹಾಯಿ ಒಂದ ಹಾಳಿಯಿಂದ ಕತ್ತರಿಸಿದ್ರ ಚಪ್ಪಟ ಇರತೈತಿ, ಹೊಟ್ಟಿ, ಅಂದ್ರ ಗಾಳಿ ಹಿಡಿಯೋ ಉಬ್ಬು, ಬೇಕಂದ್ರ ಅಡ್ಡ ಪಟ್ಟಿ ಜೋಡಿಸಿ, ಒಂದರ ಅಂಚು ನೇರ ಇನ್ನೊಂದರ ಅಂಚು ಎರಡು ಮೂರು ಮಿಲಿಮೀಟರ್ ಬಾಗಿಸಿ ಕತ್ತರಿಸಿ, ತೆಳ್ಳನ ಡಬಲ್ ಟೇಪಿಲೆ ಅಂಟಸಬೇಕು. ಬಾಗಿದ ಅಂಚು ನೇರ ಅಂಚಿಗೆ ಹೊಂದಿಸಿದಾಗ ಹಾಯಿಗೆ ತಾನ ಹೊಟ್ಟಿ ಬರತೈತಿ. ಕೆಲಸ ನಿಧಾನ, ಆದ್ರ ಮೊದಲನೇ ಸಲ ಗಾಳಿ ಹಿಡದು ಸುಕ್ಕಿಲ್ಲದ ಉಬ್ಬಿ ನಿಂತಾಗ ಆಗೋ ಖುಷಿ ಪೇಂಟ್ ಹೊಡೆದದ್ದಕ್ಕ ಆಗಂಗಿಲ್ಲ. ದಾರಕ್ಕ ಮೀನು ಹಿಡಿಯೋ ಹೆಣೆದ ಲೈನ್ ಸಾಕು, ನೈಲಾನ್ ಬ್ಯಾಡ, ಹಸಿ ಆದ್ರ ಹಿಗ್ಗತೈತಿ.

ಎಲ್ಲಾ ಕೂಡಿಸಿ ತೂಗಿದಾಗ 3960 ಬಂತು. ಬಾಕಿ 40 ಗ್ರಾಂ ಸೀಸದ ಪಟ್ಟಿನ ಒಡಲಿನ ತಳಕ್ಕ ಫಿನ್ ಹತ್ತರ ಅಂಟಿಸಿದೆ. ಮ್ಯಾಲೆ ಲಪ್ಪಂ ಆಗಿ ಕುಂತ ತೂಕ ಕೆಳಗ ಸೀಸ ಆಗಿ ಬಂತು, ಇದ ಈ ರಿಪೇರಿಯೊಳಗ ನನಗ ಎಲ್ಲಾಕಿಂತ ಸಮಾಧಾನ ಕೊಟ್ಟ ಕೆಲಸ. ಸೀಸ ಕೆತ್ತೋ ಮುಂದ ಒಣಾದು ಉಜ್ಜಬ್ಯಾಡ್ರಿ, ನೀರು ಹಾಕಿ ಉಜ್ಜ್ರಿ, ಕೈ ಸೋಪ್ ಹಚ್ಚಿ ತೊಳ್ಕೋರಿ, ಮನ್ಯಾಗ ಸಣ್ಣ ಹುಡುಗರಿದ್ರ ಆ ಜಾಗಾಕ್ಕ ಬಿಡಬ್ಯಾಡ್ರಿ.

ಮುಳಗದಂಗ ಒಳಗ ತೇಲೋ ಸಾಮಾನು ತುಂಬೋದು ಭಾಳ ಮಂದಿ ಬಿಡತಾರ. ಲೆಕ್ಕ ಹಿಂಗ ಐತಿ: ನಾಲ್ಕು ಕಿಲೋ ದೋಣಿ ತೇಲಾಕ ನಾಲ್ಕು ಲೀಟರ್ ನೀರು ಸರಸಬೇಕು, 2.3 ಕಿಲೋ ಸೀಸ ಸರಸೋದು ಬರೇ 200 ಮಿಲಿ ಚಿಲ್ರೆ, ಬಾಕಿ ಸಾಮಾನು ಒಂದು ಲೀಟರ್ ಹಿಡದ್ರೂ ಮೂರು ಲೀಟರ್‌ನಷ್ಟು ಥರ್ಮಾಕೋಲ್ ಬೇಕು. ಮೂತಿ ಕಡೆ, ಹಿಂದ, ಬದಿಗೆ ತುಂಬೀನಿ. ಥರ್ಮಾಕೋಲ್ ಇಪಾಕ್ಸಿಗೆ ಏನೂ ಆಗಂಗಿಲ್ಲ, ಪಾಲಿಸ್ಟರ್ ರೆಸಿನ್ ತಾಗಿದ್ರ ಕರಗಿ ಹೋಗತೈತಿ.

ನೀರಿನ ಜಾಗಾ. ಉಣಕಲ್ ಕೆರಿ ದೊಡ್ಡದು, ಮಳಿಗಾಲದ ಪಡುವಣ ಗಾಳಿ ಛಲೋ ಬರತೈತಿ, ಆದ್ರ ಅಂತರಗಂಗೆ ಹಬ್ಬಿದ ಕಾಲಕ್ಕ ಹೋಗಬ್ಯಾಡ್ರಿ, ಒಂದು ಎಳಿ ಫಿನ್ನಿಗೆ ಸಿಕ್ರ ದೋಣಿ ನಿಂತ ಬಿಡತೈತಿ. ಕೆರಿ ನಡುವಿನ ವಿವೇಕಾನಂದರ ಮೂರ್ತಿ ಹಿಂದ ಗಾಳಿ ಸಿಗಂಗಿಲ್ಲ, ಅಲ್ಲಿಗೆ ಓಡಸಬ್ಯಾಡ್ರಿ. ಧಾರವಾಡದ ಸಾಧನಕೇರಿ ನೋಡಾಕ ಎಷ್ಟ ಚೆಂದ ಇದ್ರೂ ಸುತ್ತಲ ಗಿಡ ಮನಿ ಇರೋದ್ರಿಂದ ಗಾಳಿ ದಿಕ್ಕು ತಪ್ಪತೈತಿ, ಹೊಸಬರಿಗೆ ಕಠಿಣ. ದೂರದಾಗ ನಿಂತ ದೋಣಿ ತರಾಕ ಮೀನಿನ ಗಾಳದ ಕೋಲಿಗೆ ದಾರ, ದಾರಕ್ಕ ಟೆನ್ನಿಸ್ ಬಾಲ್ ಕಟ್ಟಿ ಇಟ್ಟಿರ್ರಿ, ದೋಣಿ ಆಚೆ ಒಗೆದು ಮೆಲ್ಲಕ ಎಳದ್ರ ದಾರ ಮಾಸ್ಟಿಗೆ ಸಿಕ್ಕಿ ಬರತೈತಿ. ನೀರಿಗೆ ಇಳಿಬ್ಯಾಡ್ರಿ, ಕೆರಿ ತಳ ಹುದಲು ಇರತೈತಿ.

ಮೊದಲ ಓಟದಾಗ ಸಾಧಾರಣ ಗಾಳ್ಯಾಗ ಗಾಳಿ ಎದುರು ಏರೋ ಮುಂದ ಚುಕ್ಕಾಣಿ ನಡುವ ಬಿಟ್ಟು ನೋಡ್ರಿ. ತಾನಾಗಿ ಗಾಳಿ ಕಡೆ ಜೋರಾಗಿ ಹೊಳ್ಳತಿದ್ರ ಮಾಸ್ಟ್ ತುದಿ ಒಂಚೂರು ಮುಂದ ತರ್ರಿ, ಗಾಳಿಯಿಂದ ದೂರ ಹೊಳ್ಳತಿದ್ರ ಹಿಂದ. ತೀರಾ ಸ್ವಲ್ಪ ಗಾಳಿ ಕಡೆ ಜಗ್ಗೋದು ಇದ್ರ ಅದ ಒಳ್ಳೇದು, ಸಿಗ್ನಲ್ ಹೋದ್ರೂ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲತೈತಿ.

ಮೆಂಟೇನೆನ್ಸ್ ಅಂದ್ರ ದಂಡಿ ಮ್ಯಾಲೆ ಮಾಡೋ ಕೆಲಸ, ಮನಿಗೆ ಬಂದ ಮ್ಯಾಲೆ ಅಲ್ಲ. ನೀರು ಬಸಿದು, ಸ್ಪಂಜಿಲೆ ಒರಸಿ, ಬ್ಯಾಟರಿ ತಗದು, ಕಿಂಡಿ ತೆರದ ಇಡ್ರಿ. ಮುಚ್ಚಿದ ಒಡಲಿನ್ಯಾಗ ನಿಂತ ಒಂದು ಚಮಚ ನೀರು ನಮ್ಮ ಬಿಸಲಿಗೆ ಉಗಿ ಆಗಿ ಎಲ್ಲಾ ಕನೆಕ್ಟರಿಗೂ ಮುಟ್ಟತೈತಿ. ಮಾಸ್ಟನ್ನ ಹಿಂದಕ್ಕ ಜಗ್ಗಿ ಹಿಡಿಯೋ ತಂತಿ ಸಡಲ ಮಾಡ್ರಿ, ಇಲ್ಲಂದ್ರ ಮಾಸ್ಟ್ ಬಾಗಿದಂಗ ಕೂಡತೈತಿ. ಹಾಯಿ ಮಡಚಬ್ಯಾಡ್ರಿ, ಪಿವಿಸಿ ಪೈಪಿಗೆ ಸುತ್ತಿ ಇಡ್ರಿ. ಚುಕ್ಕಾಣಿ ನಳಿಗ್ಯಾಗ ಆಗಾಗ ಸಿಲಿಕಾನ್ ಗ್ರೀಸ್ ತುಂಬ್ರಿ, ನೀರು ತಡಿಯೋದು ಅದ. ನಿಲ್ಲಿಸಿದ ಕಾರಿನ್ಯಾಗ ಬ್ಯಾಸಗಿ ಮಧ್ಯಾಹ್ನ ಬಿಟ್ಟ ಹೋಗಬ್ಯಾಡ್ರಿ, ಪ್ಲಾಸ್ಟಿಕ್ ಒಡಲು ಸೊಟ್ಟ ಆಗತೈತಿ, ಹಾಯಿ ಟೇಪ್ ಜಾರತೈತಿ.

ಈಗ ಸಣ್ಣ ಹಾಯಿ ಸೆಟ್ಟಿನ ಕೆಲಸ ನಡದೈತಿ. ಈ ಕ್ಲಾಸಿಗೆ ಮೂರು ಅಳತಿ ಸೆಟ್ ಇರತಾವ, ಗಾಳಿ ಹೆಚ್ಚಾದಂಗ ಸಣ್ಣದು ಏರಸೋದು, ಮತ್ತ ಗದಗ ಕಡೆ ಕಪ್ಪತಗುಡ್ಡದ ಗಾಳಿ ಫ್ಯಾನ್ ತಿರುಗಸೋ ಆಷಾಢದ ಗಾಳಿಗೆ ದೊಡ್ಡ ಸೆಟ್ ನಡಿಯಂಗಿಲ್ಲ. ಮೂರನೇ ನಂಬರಿನ ಮಾಸ್ಟಿಗೆ ಅಲ್ಯುಮಿನಿಯಂ ನಳಿಗಿ ತಂದಿಟ್ಟೀನಿ, ಹಾಯಿ ಪಟ್ಟಿ ಕತ್ತರಿಸಿದ್ದಾಗೇತಿ, ಅಂಟಸೋದು ಬಾಕಿ.