ಹಳೆಯ ಕಾಲದ ಡಾಲರ್ ರೇಟು ಬೇಕಾ? ಮೊದಲು ಆಗ ರೂಪಾಯಿಯನ್ನು ಯಾವುದಕ್ಕೆ ಕಟ್ಟಿದ್ದರು ಅಂತ ನೋಡಿ

1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು ಅನ್ನುವ ಮಾತು ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಅದು ಸುಳ್ಳು. ಸುಳ್ಳು ಅಂತ ನೀವೇ ಲೆಕ್ಕ ಹಾಕಿ ತೋರಿಸಬಹುದು, ಎರಡೇ ಎರಡು ಅಂಕಿ ಗೊತ್ತಿದ್ದರೆ ಸಾಕು.

ಆಗ ರೂಪಾಯಿಯ ಬೆಲೆಯನ್ನು ಬ್ರಿಟಿಷ್ ಪೌಂಡಿಗೆ ಕಟ್ಟಿದ್ದರು. ಒಂದು ರೂಪಾಯಿ ಅಂದರೆ 1 ಶಿಲ್ಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್. ಪೌಂಡಿಗೆ 240 ಪೆನ್ಸ್. ಹಾಗಾಗಿ ಒಂದು ಪೌಂಡಿಗೆ 13.33 ರೂಪಾಯಿ. ಅದೇ ಹೊತ್ತಿನಲ್ಲಿ ಒಂದು ಪೌಂಡಿಗೆ 4.03 ಡಾಲರ್. 13.33ನ್ನು 4.03ರಿಂದ ಭಾಗಿಸಿ. ಡಾಲರಿಗೆ 3.31 ರೂಪಾಯಿ ಬರುತ್ತದೆ.

ಇದೇ ಇಡೀ ವಿಧಾನ. ಹಳೆಯ ರೇಟು ಬೇಕಾದಾಗ ನೇರವಾಗಿ ರೂಪಾಯಿ–ಡಾಲರ್ ಅಂತ ಹುಡುಕಬೇಡಿ. ನಿಮಗೆ ಬೇಕಾದ ತಾರೀಖಿನಲ್ಲಿ ರೂಪಾಯಿಯನ್ನು ಯಾವುದಕ್ಕೆ ಕಟ್ಟಿದ್ದರು ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಆ ಮೂರನೆಯದರ ಮೂಲಕ ಡಾಲರಿಗೆ ಬನ್ನಿ.

ಹಾಗಾದರೆ ಯಾವಾಗ ಯಾವುದಕ್ಕೆ? 1893ರವರೆಗೆ ರೂಪಾಯಿ ಬೆಳ್ಳಿಯ ಜೊತೆ ಏರಿಳಿಯುತ್ತಿತ್ತು, ಆಗಿನ ರೇಟು ಬೇಕಾದರೆ ಬೆಳ್ಳಿಯ ಬೆಲೆಯನ್ನೇ ಹಿಡಿಯಬೇಕು. ಆ ವರ್ಷ ಜನ ತಂದ ಬೆಳ್ಳಿಗೆ ನಾಣ್ಯ ಹಾಕಿಕೊಡುವುದನ್ನು ಟಂಕಸಾಲೆಗಳು ನಿಲ್ಲಿಸಿದವು. 1898ರ ಹೊತ್ತಿಗೆ ರೂಪಾಯಿ 1 ಶಿಲ್ಲಿಂಗ್ 4 ಪೆನ್ಸಿಗೆ ನಿಂತಿತು, ಪೌಂಡಿಗೆ 15 ರೂಪಾಯಿ. ಮೊದಲ ಮಹಾಯುದ್ಧದಲ್ಲಿ ಇದೆಲ್ಲ ಕಲಸಿಹೋಯಿತು, ಹಾಗಾಗಿ 1917ರಿಂದ 1926ರವರೆಗಿನ ಯಾವುದೇ ರೇಟನ್ನು ತಿಂಗಳು ನೋಡದೆ ಬಳಸಬೇಡಿ. 1927ರಲ್ಲಿ 1 ಶಿಲ್ಲಿಂಗ್ 6 ಪೆನ್ಸ್ ಅಂತ ಕಾನೂನೇ ಆಯಿತು. ರೂಪಾಯಿಯ ಬೆಲೆ ಇಷ್ಟು ಜಾಸ್ತಿ ಇಟ್ಟರೆ ಇಲ್ಲಿನ ರೈತನಿಗೂ ಗಿರಣಿಗೂ ನಷ್ಟ, 1 ಶಿಲ್ಲಿಂಗ್ 4 ಪೆನ್ಸೇ ಇರಲಿ ಅಂತ ರಾಷ್ಟ್ರೀಯವಾದಿಗಳು ವರ್ಷಗಟ್ಟಲೆ ಜಗಳವಾಡಿದರು. ಎರಡು ಪೆನ್ಸಿನ ಆ ಜಗಳ ಚಿಕ್ಕದಲ್ಲ, ಹೊರಗೆ ಮಾರಿದ ಹತ್ತಿಗೆ ಕೈಗೆ ಎಷ್ಟು ರೂಪಾಯಿ ಬರುತ್ತದೆ ಅನ್ನುವುದನ್ನು ನಿರ್ಧರಿಸಿದ್ದೇ ಅದು.

ಕಟ್ಟಿದ ಗೂಟವೇ ನಡೆಯಲು ಶುರುಮಾಡಿದರೆ ಹಸುವೂ ಜೊತೆಗೆ ಹೋಗುತ್ತದೆ, ಅಲ್ವಾ? 1931ರ ಸೆಪ್ಟೆಂಬರಿನಲ್ಲಿ ಆಗಿದ್ದು ಇದೇ. ಒಂದು ಪೌಂಡಿಗೆ ಇಷ್ಟು ಚಿನ್ನ ಅಂತ ನಿಗದಿ ಮಾಡಿದ್ದ ಚಿನ್ನದ ಪದ್ಧತಿಯನ್ನು ಬ್ರಿಟನ್ ಬಿಟ್ಟಿತು. ಪೌಂಡು 4.86 ಡಾಲರಿನಿಂದ ಡಿಸೆಂಬರ್ ಹೊತ್ತಿಗೆ 3.40ರ ಆಸುಪಾಸಿಗೆ ಇಳಿಯಿತು. ಇಲ್ಲಿ 13.33 ಹಾಗೇ ಇತ್ತು, ಆದರೆ ಡಾಲರ್ 2.74 ರೂಪಾಯಿಯಿಂದ ಸುಮಾರು 3.90ಕ್ಕೆ ಹೋಯಿತು. ಬರೀ ಪೌಂಡಿನ ಪಟ್ಟಿ ನೋಡುವವರಿಗೆ ಇದು ಕಾಣುವುದೇ ಇಲ್ಲ.

1949ರ ಸೆಪ್ಟೆಂಬರಿನಲ್ಲಿ ಪೌಂಡು 4.03ರಿಂದ 2.80 ಡಾಲರಿಗೆ ಇಳಿದಾಗ ಭಾರತವೂ ಅದರ ಜೊತೆ ಇಳಿಯಿತು, ಡಾಲರ್ 4.76 ಆಯಿತು. ಪಾಕಿಸ್ತಾನ ಇಳಿಯಲಿಲ್ಲ, 3.31ರಲ್ಲೇ ಉಳಿಯಿತು. ನಿಮ್ಮ ಲೆಕ್ಕ ಸರಿಯಿದೆಯಾ ಅಂತ ನೋಡಲು ಇದು ಒಳ್ಳೆಯ ಪರೀಕ್ಷೆ: 4.76ನ್ನು 3.31ರಿಂದ ಭಾಗಿಸಿದರೆ 1.44. ಅಂದರೆ ಪಾಕಿಸ್ತಾನದ 100 ರೂಪಾಯಿಗೆ ಭಾರತದ 144. ಈ ರೇಟನ್ನು ಭಾರತ ಒಪ್ಪಲಿಲ್ಲ, ಎರಡು ದೇಶಗಳ ವ್ಯಾಪಾರ ತಿಂಗಳುಗಟ್ಟಲೆ ನಿಂತುಹೋಯಿತು. ಪೂರ್ವ ಬಂಗಾಳದ ಸೆಣಬು ಒಂದು ಕಡೆ, ಕಲ್ಕತ್ತೆಯ ಸೆಣಬಿನ ಗಿರಣಿಗಳು ಇನ್ನೊಂದು ಕಡೆ. 1955ರಲ್ಲಿ ಪಾಕಿಸ್ತಾನವೂ ಇಳಿಸಿದ ಮೇಲೆ ಎರಡೂ ಮತ್ತೆ ಸಮ ಆದವು.

1966ರ ಜೂನ್ 6ರಂದು ಡಾಲರ್ 4.76ರಿಂದ ಒಮ್ಮೆಗೇ 7.50 ಆಯಿತು. ಹೊಸಬರು ಎಡವುವುದು ಇಲ್ಲೇ. ಒಬ್ಬರು 36.5 ಶೇಕಡಾ ಅಪಮೌಲ್ಯ ಅಂತ ಬರೆಯುತ್ತಾರೆ, ಇನ್ನೊಬ್ಬರು 57.5 ಅಂತ. ಇಬ್ಬರೂ ಸರಿ. ರೂಪಾಯಿ ಕಡೆಯಿಂದ ನೋಡಿದರೆ ಅದರ ಬೆಲೆ 36.5 ಶೇಕಡಾ ಇಳಿಯಿತು, ಡಾಲರ್ ಕಡೆಯಿಂದ ನೋಡಿದರೆ ಡಾಲರ್ 57.5 ಶೇಕಡಾ ದುಬಾರಿಯಾಯಿತು. ಬರೆಯುವಾಗ ಯಾವ ಕಡೆಯಿಂದ ನೋಡುತ್ತಿದ್ದೀರಿ ಅಂತ ಹೇಳಿಬಿಡಿ.

ಇನ್ನೊಂದು ವಿಷಯ. 1966ರ ಸರಾಸರಿ ಸುಮಾರು 6.3 ಬರುತ್ತದೆ. ಆ ವರ್ಷ ಒಂದೇ ಒಂದು ದಿನವೂ ಅಧಿಕೃತ ರೇಟು 6.3 ಇರಲಿಲ್ಲ! ಹಾಗಾಗಿ ಅಪಮೌಲ್ಯ ಆದ ವರ್ಷಗಳಿಗೆ ವಾರ್ಷಿಕ ಸರಾಸರಿ ಬೇಡವೇ ಬೇಡ, ತಾರೀಖು ನೋಡಿ. ಪಟ್ಟಿಯಲ್ಲಿರುವುದು ಜನವರಿ–ಡಿಸೆಂಬರ್ ವರ್ಷವೋ ಏಪ್ರಿಲ್–ಮಾರ್ಚ್ ವರ್ಷವೋ ಅನ್ನುವುದನ್ನೂ ನೋಡಿಕೊಳ್ಳಿ.

1967ರಲ್ಲಿ ಪೌಂಡು ಮತ್ತೆ ಇಳಿಯಿತು, ಈ ಸಲ ರೂಪಾಯಿ ಅದರ ಹಿಂದೆ ಹೋಗಲಿಲ್ಲ. 1971ರ ಡಿಸೆಂಬರಿನಿಂದ ಮತ್ತೆ ಪೌಂಡಿಗೆ ಕಟ್ಟಿದರು, 1975ರ ಸೆಪ್ಟೆಂಬರಿನಿಂದ ಹಲವು ಕರೆನ್ಸಿಗಳ ಒಂದು ಗುಂಪಿಗೆ. ಅಲ್ಲಿಂದ ಮುಂದೆ ಭಾಗಾಕಾರ ಬಿಟ್ಟು ಪ್ರಕಟವಾದ ದಿನದ ರೇಟನ್ನೇ ನೋಡಿ.

1991ರ ಜುಲೈ 1 ಮತ್ತು 3ರಂದು ಎರಡು ಹೆಜ್ಜೆಯಲ್ಲಿ ಇಳಿಸಿದಾಗ ಡಾಲರ್ ಸುಮಾರು 21ರಿಂದ 26ರ ಹತ್ತಿರ ಬಂತು. ಜಾಸ್ತಿ ಎಚ್ಚರ ಬೇಕಾಗಿರುವುದು ಅದರ ಮುಂದಿನ ವರ್ಷಕ್ಕೆ. 1992ರ ಮಾರ್ಚಿನಿಂದ 1993ರ ಫೆಬ್ರವರಿವರೆಗೆ ರೂಪಾಯಿಗೆ ಎರಡು ರೇಟು ಇದ್ದವು. ರಫ್ತು ಮಾಡಿದವನ ಡಾಲರಿನಲ್ಲಿ 40 ಶೇಕಡಾ ಅಧಿಕೃತ ರೇಟಿಗೆ ಹೋಗುತ್ತಿತ್ತು, 60 ಶೇಕಡಾ ಮಾರುಕಟ್ಟೆ ರೇಟಿಗೆ. ಆ ಕಾಲದ ರಫ್ತಿನ ಲೆಕ್ಕ ಹಾಕುವಾಗ ಒಂದೇ ರೇಟು ಹಿಡಿದರೆ ಉತ್ತರ ತಪ್ಪುತ್ತದೆ. ಎರಡನ್ನೂ 40–60ರಂತೆ ಬೆರೆಸಬೇಕು. 1993ರ ಮಾರ್ಚಿನಲ್ಲಿ ಎರಡೂ ಒಂದಾದವು.

ಅಂಕಿಗಳು ಎಲ್ಲಿ ಸಿಗುತ್ತವೆ? ವಾರ್ಷಿಕ ಸರಾಸರಿಗೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಅಂಕಿಅಂಶಗಳ ಕೈಪಿಡಿ ನೋಡಿ. ದಿನದ ರೇಟು ಬೇಕಾದರೆ ಅಮೆರಿಕದ ಫೆಡರಲ್ ರಿಸರ್ವ್ 1973ರಿಂದಲೇ ರೂಪಾಯಿಯ ಪಟ್ಟಿ ಇಟ್ಟಿದೆ, ಅದು ಉಚಿತ. 2018ರ ಜುಲೈನಿಂದ ನಮ್ಮ ದಿನದ ರೆಫರೆನ್ಸ್ ರೇಟನ್ನು ಎಫ್‌ಬಿಐಎಲ್ (ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ) ಅನ್ನುವ ಸಂಸ್ಥೆ ಲೆಕ್ಕ ಹಾಕುತ್ತದೆ.

ಇಷ್ಟು ಮಾಡಿ 1947ರ 100 ಡಾಲರಿಗೆ 331 ರೂಪಾಯಿ ಅಂತ ಬಂದರೆ, ಅದು ಆ ದಿನದ 331 ರೂಪಾಯಿ. ಇವತ್ತಿನ ಬೆಲೆಗೆ ಎಷ್ಟಾಗುತ್ತದೆ ಅಂತ ತಿಳಿಯಲು ಇವತ್ತಿನ ಡಾಲರ್ ರೇಟಿನಿಂದ ಸುಮ್ನೆ ಗುಣಿಸಬೇಡಿ. ಅದಕ್ಕೆ ಬೆಲೆ ಸೂಚ್ಯಂಕ ಹಿಡಿದು ಬೇರೆಯದೇ ಲೆಕ್ಕ ಮಾಡಬೇಕು.